ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್: ಮೆಂಬರ್‌ಶಿಪ್ ಕಾರ್ಡ್ ಇದ್ದ ಮಾತ್ರಕ್ಕೆ ವೋಟು ಇರಲ್ಲ

ಟಿಕೆಟ್ ಹೇಗೆ ತಗೋಬೇಕು, ಲೀಗಿನಲ್ಲಿ ಮೇಲೆ ಕೆಳಗೆ ಹೋಗೋದು ಅಂದ್ರೇನು, ಇದೆಲ್ಲ ನಿಮಗೆ ಗೊತ್ತಿರುತ್ತದೆ. ಅದನ್ನು ಬಿಡೋಣ. ಕ್ಲಬ್ಬನ್ನು ಹೊರದೇಶದ ಮಾಲೀಕರು ಕೊಂಡಾಗ ಹೆಸರು, ಬಣ್ಣ, ಬ್ಯಾಡ್ಜ್, ಮೈದಾನದ ಬಗ್ಗೆ ಚರ್ಚೆ ಶುರುವಾಗುತ್ತದೆ. ಆಗ ಇಂಗ್ಲೆಂಡಿಗೆ ಹೊಸದಾಗಿ ಬಂದ ಕನ್ನಡಿಗರು ಒಂದೇ ಹಳ್ಳಕ್ಕೆ ಸಾಲಾಗಿ ಬೀಳುವುದನ್ನು ನೋಡುತ್ತಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕ್ಲಬ್ಬಿನ ವೆಬ್‌ಸೈಟಿನಲ್ಲಿ ಮೆಂಬರ್‌ಶಿಪ್ ಅಂತ ಒಂದು ಇರುತ್ತದೆ. ದೊಡ್ಡ ಕ್ಲಬ್‌ಗಳಲ್ಲಿ ದೊಡ್ಡವರಿಗೆ ವರ್ಷಕ್ಕೆ 25ರಿಂದ 40 ಪೌಂಡ್ ಆಸುಪಾಸು. ಹಣ ಕಟ್ಟಿದರೆ ಒಂದು ಕಾರ್ಡ್, ಒಂದು ನಂಬರ್. ನಮ್ಮ ಕಡೆ ಸಂಘಕ್ಕೋ ಸೊಸೈಟಿಗೋ ಸದಸ್ಯರಾದರೆ ವಾರ್ಷಿಕ ಸಭೆಯಲ್ಲಿ ಕೈ ಎತ್ತಬಹುದು ಅಲ್ವಾ? ಇದೂ ಹಾಗೇ ಅಂದುಕೊಳ್ಳುತ್ತಾರೆ. ಹಾಗಲ್ಲ. ಈ ಮೆಂಬರ್‌ಶಿಪ್ ಕೊಡುವುದು ಟಿಕೆಟ್ ಸಾಲಿನಲ್ಲಿ ಸ್ವಲ್ಪ ಮುಂದೆ ನಿಲ್ಲುವ ಹಕ್ಕು, ಅಂಗಡಿಯಲ್ಲಿ ಸ್ವಲ್ಪ ರಿಯಾಯಿತಿ, ಅಷ್ಟೇ. ಕ್ಲಬ್ ಒಂದು ಕಂಪನಿ. ಷೇರು ಮಾಲೀಕರ ಕೈಯಲ್ಲಿರುತ್ತದೆ. ನೀವು ಅದರ ಗ್ರಾಹಕರು.

ನನಗೆ ಗೊತ್ತಿರುವ ಒಂದು ಕುಟುಂಬ ಮಕ್ಕಳಿಗೂ ಸೇರಿಸಿ ಇಡೀ ಮನೆಗೆ ಮೆಂಬರ್‌ಶಿಪ್ ತಗೊಂಡಿತ್ತು. ವರ್ಷ ವರ್ಷ ತಪ್ಪದೆ ನವೀಕರಿಸುತ್ತಿತ್ತು. ಅವರ ಕ್ಲಬ್ ಮಾರಾಟವಾಯಿತು. ಹೊಸ ಮಾಲೀಕರು ಅಭಿಮಾನಿಗಳನ್ನು ಭೇಟಿಯಾಗುತ್ತಾರೆ ಅಂತ ಸುದ್ದಿ ಬಂತು. ಇವರು ಇಮೇಲ್ ಬರುತ್ತದೆ ಅಂತ ಕಾದರು. ಹೊಸ ಜೆರ್ಸಿ ಕೊಳ್ಳಿ ಅನ್ನುವ ಇಮೇಲ್ ಬಂತು. ಸಭೆಗೆ ಕರೆದದ್ದು ಸಪೋರ್ಟರ್ಸ್ ಟ್ರಸ್ಟಿನವರನ್ನು, ಅಂದ್ರೆ ಅಭಿಮಾನಿಗಳೇ ಸೇರಿ ಕಟ್ಟಿಕೊಂಡ ಸಂಘದವರನ್ನು. ಓಡಿ ಹೋಗಿ ಟ್ರಸ್ಟ್ ಸೇರಿದರು, ಆದರೆ ಆ ಸಲದ ವೋಟಿಗೆ ಸದಸ್ಯರಾಗಲು ಇದ್ದ ಕೊನೆಯ ದಿನ ಆಗಲೇ ಕಳೆದಿತ್ತು. ಅಷ್ಟು ವರ್ಷ ಕಟ್ಟಿದ ಹಣದ ಹತ್ತರಲ್ಲೊಂದು ಪಾಲಿನಲ್ಲಿ ಮನೆಯ ದೊಡ್ಡವರಿಬ್ಬರಿಗೂ ವೋಟು ಸಿಗುತ್ತಿತ್ತು. ಇಂಥ ಮನೆ ಇದೊಂದೇ ಅಲ್ಲ, ಅದೇ ನನ್ನ ಬೇಜಾರು.

ಹಾಗಾಗಿ ಇವತ್ತೇ ಮಾಡಬೇಕಾದ ಕೆಲಸ: ನಿಮ್ಮ ಕ್ಲಬ್ಬಿನ ಸಪೋರ್ಟರ್ಸ್ ಟ್ರಸ್ಟ್ ಯಾವುದು ಅಂತ ಹುಡುಕಿ. ಅದು ಕ್ಲಬ್ಬಿನಿಂದ ಬೇರೆಯಾದ ಸಂಸ್ಥೆ. ಸಾಮಾನ್ಯವಾಗಿ ವರ್ಷಕ್ಕೆ 5ರಿಂದ 15 ಪೌಂಡ್ ಇರುತ್ತದೆ. ಒಬ್ಬರಿಗೆ ಒಂದು ವೋಟು, ಎಷ್ಟು ದುಡ್ಡಿದ್ದರೂ ಅಷ್ಟೇ. ಇಂಥ ಟ್ರಸ್ಟ್‌ಗಳು ಹೆಚ್ಚಾಗಿ 2014ರ ಸಹಕಾರಿ ಮತ್ತು ಸಮುದಾಯ ಲಾಭ ಸಂಘಗಳ ಕಾಯ್ದೆಯಡಿ ನೋಂದಣಿಯಾಗಿರುತ್ತವೆ. ಇಲ್ಲಿನ ಹಣಕಾಸು ನಿಯಂತ್ರಣ ಸಂಸ್ಥೆಯಾದ ಫೈನಾನ್ಷಿಯಲ್ ಕಂಡಕ್ಟ್ ಅಥಾರಿಟಿಯ ಮ್ಯೂಚುಯಲ್ಸ್ ರಿಜಿಸ್ಟರಿನಲ್ಲಿ ಟ್ರಸ್ಟಿನ ಹೆಸರು ಹಾಕಿ ಹುಡುಕಿದರೆ ನಿಯಮಾವಳಿ, ವಾರ್ಷಿಕ ಲೆಕ್ಕ ಪುಕ್ಕಟೆ ಸಿಗುತ್ತದೆ. ನಿಯಮಾವಳಿಯಲ್ಲಿ ವೋಟು ಯಾವಾಗಿನಿಂದ ಸಿಗುತ್ತದೆ ಅನ್ನುವ ಸಾಲನ್ನು ಮೊದಲು ಓದಿ. ಮಾರಾಟದ ಸುದ್ದಿ ಬಂದ ಮೇಲೆ ಸೇರಿದರೆ ತಡವಾಗಬಹುದು.

ಇದೇ ಹಳ್ಳಕ್ಕೆ ಇನ್ನೊಂದು ಬಾಗಿಲೂ ಇದೆ: ಫ್ಯಾನ್ ಟೋಕನ್. ಐಟಿಯಲ್ಲಿರುವ ನಮ್ಮ ಹುಡುಗರು ಇದಕ್ಕೆ ಬೇಗ ಬೀಳುತ್ತಾರೆ. ಕ್ರಿಪ್ಟೋದಲ್ಲಿ ಕೊಳ್ಳಬೇಕು, ಕೊಂಡರೆ ಕ್ಲಬ್ಬಿನ ನಿರ್ಧಾರಗಳಲ್ಲಿ ವೋಟು ಅನ್ನುತ್ತಾರೆ. ಆ ವೋಟು, ತಂಡ ಗೆದ್ದಾಗ ಮೈದಾನದಲ್ಲಿ ಯಾವ ಹಾಡು ಹಾಕಬೇಕು ಅನ್ನುವ ಮಟ್ಟದ್ದು. ಟೋಕನ್ ಬೆಲೆ ಬಿದ್ದರೆ ಹಣ ಹೋಯಿತು. ಆರ್ಸೆನಲ್‌ನ ಟೋಕನ್ ಜಾಹೀರಾತುಗಳು ಬೇಜವಾಬ್ದಾರಿಯವು ಅಂತ ಇಲ್ಲಿನ ಜಾಹೀರಾತು ನಿಯಂತ್ರಣ ಸಂಸ್ಥೆಯೇ 2021ರಲ್ಲಿ ಹೇಳಿತ್ತು. ದಯವಿಟ್ಟು ಅದರ ಹತ್ತಿರ ಹೋಗಬೇಡಿ.

ಟ್ರಸ್ಟಿನ ವೋಟಿನಿಂದ ಏನಾಗುತ್ತದೆ ಅಂತ ಕೇಳಬಹುದು. ಆರ್‌ಸಿಬಿ 2024ರಲ್ಲಿ ಹೆಸರಿನ ಬ್ಯಾಂಗಲೋರನ್ನು ಬೆಂಗಳೂರು ಮಾಡಿತು. ವೇದಿಕೆ ಮೇಲೆ ಘೋಷಣೆ ಆಯಿತು, ನಾವೆಲ್ಲ ಖುಷಿಪಟ್ಟೆವು. ಯಾರೂ ನಮ್ಮ ವೋಟು ಕೇಳಲಿಲ್ಲ, ಕೇಳಬೇಕು ಅಂತ ನಮಗೂ ಅನಿಸಲಿಲ್ಲ. ಇಲ್ಲಿ ಹಾಗಲ್ಲ. ಹಲ್ ಸಿಟಿ ಕ್ಲಬ್ಬಿನ ಆಗಿನ ಮಾಲೀಕ ಅಸೆಮ್ ಅಲ್ಲಾಮ್ ಈಜಿಪ್ಟಿನಲ್ಲಿ ಹುಟ್ಟಿ ಹಲ್‌ನಲ್ಲೇ ನೆಲೆಸಿದ್ದವರು. ಸಾಲದಲ್ಲಿ ಮುಳುಗಿದ್ದ ಕ್ಲಬ್ಬನ್ನು 2010ರಲ್ಲಿ ಎತ್ತಿದವರು. ಅವರೇ 1904ರ ಕ್ಲಬ್ಬಿಗೆ ಹಲ್ ಟೈಗರ್ಸ್ ಅಂತ ಹೆಸರಿಡಲು ಹೊರಟರು. ಅಭಿಮಾನಿಗಳು ಬೀದಿಗಿಳಿದರು. ಇಂಗ್ಲೆಂಡಿನ ಫುಟ್ಬಾಲ್ ನಡೆಸುವ ಸಂಸ್ಥೆಯಾದ ಫುಟ್ಬಾಲ್ ಅಸೋಸಿಯೇಷನ್ 2014ರಲ್ಲಿ ಬೇಡ ಅಂದಿತು, 2015ರಲ್ಲಿ ಮತ್ತೆ ಬೇಡ ಅಂದಿತು. ವೇಲ್ಸ್‌ನದಾದರೂ ಇಂಗ್ಲಿಷ್ ಲೀಗಿನಲ್ಲಿ ಆಡುವ ಕಾರ್ಡಿಫ್ ಸಿಟಿಯ ಮಲೇಷ್ಯಾ ಮಾಲೀಕ ವಿನ್ಸೆಂಟ್ ಟಾನ್ 2012ರಲ್ಲಿ ನೀಲಿ ಜೆರ್ಸಿಯನ್ನು ಕೆಂಪು ಮಾಡಿದರು. 2015ರ ಜನವರಿಯಲ್ಲಿ ನೀಲಿಯೇ ವಾಪಸ್ ಬಂತು.

ಈ ಎರಡೂ ಕಡೆ ಕೊಟ್ಟ ಕಾರಣಗಳಲ್ಲಿ ಒಂದು ನಮಗೆ ಸಂಬಂಧಿಸಿದ್ದು. ಹೊರಗಿನ ಮಾರುಕಟ್ಟೆಗೆ, ಅದರಲ್ಲೂ ಏಷ್ಯಾಕ್ಕೆ, ಇದು ಹಿಡಿಸುತ್ತದೆ ಅಂದರು. ಅಂದ್ರೆ ನಮ್ಮಂಥವರ ಹೆಸರು ಹೇಳಿಯೇ ಬಣ್ಣ ಬದಲಿಸುತ್ತಾರೆ. ಹೀಗಿರುವಾಗ ಏಷ್ಯಾದಿಂದ ಬಂದು ಅದೇ ಊರಿನಲ್ಲಿ ಬಾಳುತ್ತಿರುವ ನಾವು ಎದ್ದು ನಿಂತು ನಮಗಿದು ಬೇಡ ಅಂದರೆ ಅದಕ್ಕೆ ತೂಕ ಜಾಸ್ತಿ. ಬ್ಲ್ಯಾಕ್‌ಬರ್ನ್ ಕಡೆಯಲ್ಲಿ ಇರುವವರಿಗಂತೂ ಇದು ಇನ್ನೂ ಮುಖ್ಯ. 2010ರಲ್ಲಿ ಆ ಕ್ಲಬ್ಬನ್ನು ಪುಣೆಯ ಕೋಳಿ ಉದ್ಯಮದ ಕಂಪನಿ ವೆಂಕೀಸ್ ಕೊಂಡಿತು, 2012ರಲ್ಲಿ ಕ್ಲಬ್ ಪ್ರೀಮಿಯರ್ ಲೀಗಿನಿಂದ ಕೆಳಗಿಳಿಯಿತು. ಭಾರತದವರು ಅಂತ ಗೊತ್ತಾದ ಕೂಡಲೇ ಆ ಮಾತು ಬರುತ್ತದೆ. ಮಾಲೀಕರ ಪರ ವಾದಿಸಲು ಹೋಗಬೇಡಿ. ನೀವು ಅವರ ಪ್ರತಿನಿಧಿ ಅಲ್ಲ.

ಈಗ ಕಾನೂನೂ ಇದೆ. 2025ರ ಫುಟ್ಬಾಲ್ ಗವರ್ನೆನ್ಸ್ ಕಾಯ್ದೆ ಮೇಲಿನ ಐದು ಹಂತದ ಲೀಗ್‌ಗಳಿಗೆ ಒಂದು ಸ್ವತಂತ್ರ ನಿಯಂತ್ರಕ ಸಂಸ್ಥೆ ತಂದಿದೆ. ಹಂತ ಹಂತವಾಗಿ ಜಾರಿಯಾಗುತ್ತಿದೆ. ಅದರ ಪ್ರಕಾರ ಬ್ಯಾಡ್ಜನ್ನೋ ತವರಿನ ಜೆರ್ಸಿಯ ಮುಖ್ಯ ಬಣ್ಣವನ್ನೋ ಬದಲಿಸಬೇಕಾದರೆ ದೇಶದೊಳಗಿನ ಅಭಿಮಾನಿಗಳಲ್ಲಿ ಹೆಚ್ಚಿನವರ ಒಪ್ಪಿಗೆ ಇರಬೇಕು. ಪಾಸ್‌ಪೋರ್ಟ್ ಯಾವುದು ಅನ್ನುವ ಪ್ರಶ್ನೆ ಅಲ್ಲಿಲ್ಲ. ಇಲ್ಲಿದ್ದೀರಿ, ಅಭಿಮಾನಿ, ಅಷ್ಟು ಸಾಕು.

ಆದರೆ ಅಭಿಪ್ರಾಯ ಕೇಳಿದ್ದೇವೆ ಅನ್ನುವ ಮಾತನ್ನು ಸುಮ್ನೆ ನಂಬಬೇಡಿ. ಲೀಡ್ಸ್ ಯುನೈಟೆಡ್ 2018ರಲ್ಲಿ ಹೊಸ ಬ್ಯಾಡ್ಜ್ ತೋರಿಸಿದಾಗ 10,000 ಜನರನ್ನು ಕೇಳಿದ್ದೇವೆ ಅಂದಿತ್ತು. ವಿರೋಧ ಎಷ್ಟು ಜೋರಾಗಿ ಬಂತೆಂದರೆ ಅದನ್ನು ಕೈಬಿಡಬೇಕಾಯಿತು. ಷೇರು ಇದ್ದರೂ ಎಚ್ಚರ ಬೇಕು. ಸ್ವಾನ್ಸಿ ಸಿಟಿಯ ಟ್ರಸ್ಟ್ ಹತ್ತಿರ ಸುಮಾರು 21 ಶೇಕಡಾ ಷೇರು ಇತ್ತು. 2016ರಲ್ಲಿ ಅಮೆರಿಕದವರು ಕ್ಲಬ್ ಕೊಂಡಾಗ ಆ ವ್ಯವಹಾರದಿಂದ ಟ್ರಸ್ಟನ್ನೇ ಹೊರಗಿಟ್ಟರು.

ಚೆನ್ನಾಗಿ ನಡೆದದ್ದು ರೆಕ್ಸಮ್‌ನಲ್ಲಿ. ಅಲ್ಲಿ ಆಗ ಟ್ರಸ್ಟೇ ಮಾಲೀಕ. ಕೊಳ್ಳಲು ಬಂದ ನಟರಾದ ರಯಾನ್ ರೆನಾಲ್ಡ್ಸ್, ರಾಬ್ ಮ್ಯಾಕೆಲ್‌ಹೆನ್ನಿ ಮೊದಲು ಸದಸ್ಯರ ಮುಂದೆ ಯೋಜನೆ ಇಟ್ಟರು. ಊರು ಬಿಡಿಸಲ್ಲ, ಹೆಸರು ಬದಲಿಸಲ್ಲ ಅಂತ ಭರವಸೆ ಕೊಟ್ಟರು. 2020ರ ನವೆಂಬರಿನಲ್ಲಿ ವೋಟು ಹಾಕಿದವರಲ್ಲಿ 98.6 ಶೇಕಡಾ ಜನ ಒಪ್ಪಿದರು. ಷರತ್ತು ಹಾಕಲು ಸರಿಯಾದ ಹೊತ್ತು ಮಾರಾಟಕ್ಕೆ ಮುಂಚೆ.

ನನ್ನ ಅಭಿಪ್ರಾಯ ಕೇಳಿದರೆ ಜರ್ಮನಿಯ ಪದ್ಧತಿಯೇ ಮೇಲು. ಅಲ್ಲಿ 50+1 ನಿಯಮದಿಂದ ಕ್ಲಬ್ಬಿನ ವೋಟುಗಳ ಬಹುಮತ ಸಾಮಾನ್ಯವಾಗಿ ಸದಸ್ಯರ ಸಂಘದ ಕೈಯಲ್ಲೇ ಇರುತ್ತದೆ. ಸದಸ್ಯ ಅಂದರೆ ನಿಜವಾಗಿ ಸದಸ್ಯ. ಲೈಪ್‌ಜಿಗ್‌ನಂಥ ಕಡೆ ವೋಟಿರುವ ಸದಸ್ಯರನ್ನು ಬೆರಳೆಣಿಕೆಯಷ್ಟೇ ಇಟ್ಟುಕೊಂಡು ನಿಯಮವನ್ನು ತೆಳುವಾಗಿಸಿದ್ದಾರೆ ನಿಜ. ಆದರೂ ಇಲ್ಲಿಗಿಂತ ವಾಸಿ. ಇಲ್ಲಿ ಮೊದಲು ಮಾರಿಬಿಟ್ಟು ಆಮೇಲೆ ಕಾನೂನು ತಂದರು.

ಸಭೆಗೆ ಹೋದಾಗ ಇಷ್ಟು ಮಾಡಿ. ಹೊಸ ಆಟಗಾರ ಯಾವಾಗ ಬರ್ತಾನೆ ಅಂತ ಕೇಳಿ ನಿಮ್ಮ ಸರದಿ ಕಳೆಯಬೇಡಿ. ಹೆಸರು, ಬಣ್ಣ, ಬ್ಯಾಡ್ಜ್ ಬದಲಿಸುವ ಯೋಚನೆ ಇದೆಯಾ, ಮೈದಾನ ಯಾವ ಕಂಪನಿಯ ಹೆಸರಿನಲ್ಲಿದೆ ಅಂತ ನೇರವಾಗಿ ಕೇಳಿ. ಪ್ರಶ್ನೆಯನ್ನು ಟ್ರಸ್ಟ್ ಮೂಲಕ ಮೊದಲೇ ಬರೆದು ಕಳಿಸಿ, ಉತ್ತರ ನಡಾವಳಿಯಲ್ಲಿ ಬಂದಿದೆಯಾ ನೋಡಿ. ಕ್ಲಬ್ಬಿನ ಅಭಿಮಾನಿಗಳ ಸಲಹಾ ಮಂಡಳಿಗೆ ಯಾರಾದರೂ ನಿಮ್ಮನ್ನು ಕರೆದರೆ ಗೌಪ್ಯತೆ ಒಪ್ಪಂದವನ್ನು ಪೂರ್ತಿ ಓದದೆ ಸಹಿ ಹಾಕಬೇಡಿ. ಒಳಗೆ ಕೇಳಿದ್ದನ್ನು ಹೊರಗಿನ ಸದಸ್ಯರಿಗೆ ಹೇಳುವಂತಿಲ್ಲ ಅಂತ ಅದರಲ್ಲಿದ್ದರೆ, ಯಾವ ವಿಷಯಕ್ಕೆ, ಎಷ್ಟು ದಿನದವರೆಗೆ ಅಂತ ಬರವಣಿಗೆಯಲ್ಲಿ ತಗೊಳ್ಳಿ.