ಶೋನಿಬಾರೆ ಕಲಾಕೃತಿ ನೋಡೋದು ಹೇಗೆ? ಬಟ್ಟೆಯಿಂದ ಶುರು ಮಾಡಿ

ಬ್ರಿಟಿಷ್-ನೈಜೀರಿಯನ್ ಕಲಾವಿದ ಯಿಂಕಾ ಶೋನಿಬಾರೆ ಅವರ ಕಲಾಕೃತಿ, ಅಂದ್ರೆ ಬಣ್ಣದ ಬಟ್ಟೆ ತೊಟ್ಟ ಆಳೆತ್ತರದ ಗೊಂಬೆಗಳನ್ನ, ಮೊದಲ ಸಲ ನೋಡಿದವರೆಲ್ಲ ಕೇಳೋದು ಒಂದೇ, ಈ ಗೊಂಬೆಗಳಿಗೆ ತಲೆ ಯಾಕಿಲ್ಲ ಅಂತ. ಆ ಪ್ರಶ್ನೆ ಆಮೇಲಿಗೆ ಇಟ್ಕೊಳ್ಳಿ, ಮೊದ್ಲು ಬಟ್ಟೆ ನೋಡಿ.

ಹತ್ರ ಹೋಗಿ. ಗಾಢ ಬಣ್ಣ, ದೊಡ್ಡ ದೊಡ್ಡ ಡಿಸೈನು, ನೋಡಿದ ತಕ್ಷಣ ಆಫ್ರಿಕಾದ್ದು ಅನ್ಸತ್ತೆ. ಇಲ್ಲೇ ನಿಂತು ಇದು ಎಲ್ಲಿ ತಯಾರಾಗಿದ್ದು ಅಂತ ಕೇಳ್ಕೊಳ್ಳಿ, ಯಾಕಂದ್ರೆ ಇಡೀ ಕಥೆ ಇರೋದೇ ಇಲ್ಲಿ. ಇಂಡೋನೇಷ್ಯಾದ ಜಾವಾದಲ್ಲಿ ಕೈಯಲ್ಲಿ ಮೇಣ ಹಾಕಿ ಮಾಡ್ತಿದ್ದ ಬಾಟಿಕ್ ಬಟ್ಟೆನ, ಆ ನಾಡು ಆಳ್ತಿದ್ದ ಡಚ್ಚರು 19ನೇ ಶತಮಾನದಲ್ಲಿ ತಮ್ಮೂರಿನ ಮಷೀನಲ್ಲಿ ನಕಲು ಮಾಡಿ ಮಾರೋಕೆ ಹೊರಟ್ರು, ಕೊನೆಗೆ ಅದು ಕುದುರಿದ್ದು ಪಶ್ಚಿಮ ಆಫ್ರಿಕಾದಲ್ಲಿ, ಅಲ್ಲಿನ ಜನ ಒಂದೊಂದು ಡಿಸೈನಿಗೂ ತಮ್ಮ ಹೆಸರು, ತಮ್ಮ ಗಾದೆ ಕೊಟ್ಟು ಅದನ್ನ ತಮ್ಮದೇ ಮಾಡ್ಕೊಂಡ್ರು. ಇದಕ್ಕೇ ಡಚ್ ವ್ಯಾಕ್ಸ್ ಅನ್ನೋದು. ಈ ಬಟ್ಟೆ ಮಾಡೋ, ನೆದರ್‌ಲ್ಯಾಂಡ್ಸ್‌ನ ಹೆಲ್ಮಂಡ್ ಊರಿನ ವ್ಲಿಸ್ಕೋ ಕಂಪನಿ ಶುರುವಾಗಿದ್ದು 1846ರಲ್ಲಿ. ಇನ್ನು 1962ರಲ್ಲಿ ಲಂಡನ್ನಲ್ಲಿ ಹುಟ್ಟಿ ನೈಜೀರಿಯಾದ ಲಾಗೋಸಲ್ಲಿ ಬೆಳೆದ ಶೋನಿಬಾರೆ ಈ ಬಟ್ಟೆ ಕೊಂಡಿದ್ದು ಲಂಡನ್ನಿನ ಬ್ರಿಕ್ಸ್‌ಟನ್ ಮಾರ್ಕೆಟ್ಟಲ್ಲಿ! ನಾವು ಅಪ್ಪಟ ಆಫ್ರಿಕಾ ಅಂದ್ಕೊಂಡಿದ್ರಲ್ಲಿ ಮೂರು ಖಂಡದ ವ್ಯಾಪಾರ ಇದೆ, ನನಗಂತೂ ಇದು ಗೊತ್ತಾದ್ಮೇಲೆ ಯಾವ ಬಟ್ಟೆನೂ ಮೊದಲಿನ ಥರ ನೋಡೋಕಾಗಿಲ್ಲ.

ಆಮೇಲೆ ಹೊಲಿಗೆ ನೋಡಿ. ಬಟ್ಟೆ ಇದಾದ್ರೆ ಕೋಟು ಮಾತ್ರ ವಿಕ್ಟೋರಿಯಾ ಕಾಲದ ಯುರೋಪಿನ ಸಾಹೇಬರದ್ದು. ಎರಡೂ ಯಾಕೆ ಜೊತೆಗಿದೆ ಅನ್ನೋದು 2003ರ 'ಸ್ಕ್ರ್ಯಾಂಬಲ್ ಫಾರ್ ಆಫ್ರಿಕಾ' ನೋಡಿದ್ರೆ ಹೊಳೆಯತ್ತೆ: ಉದ್ದ ಟೇಬಲ್ಲು, ಅದ್ರ ಮೇಲೆ ಆಫ್ರಿಕಾದ ನಕ್ಷೆ, ಸುತ್ತ ಕೂತ 14 ಗೊಂಬೆ. ಆಫ್ರಿಕಾನ ಹಂಚ್ಕೊಳ್ಳೋ ನಿಯಮ ಮಾಡೋಕೆ ಸೇರಿದ 1884-85ರ ಬರ್ಲಿನ್ ಸಭೆಗೆ ಬಂದಿದ್ದೂ 14 ದೇಶ, ಆಫ್ರಿಕಾದವರು ಒಬ್ರೂ ಇರ್ಲಿಲ್ಲ.

ಈಗ ತಲೆ ವಿಷಯಕ್ಕೆ ಬನ್ನಿ. ಫ್ರೆಂಚ್ ಕ್ರಾಂತಿಲಿ ತಲೆ ಕಡಿಯೋ ಯಂತ್ರ ಗಿಲೋಟಿನ್‌ಗೆ ಹೋದ ಶ್ರೀಮಂತರ ನೆನಪು ಅದು. ಜೊತೆಗೆ ಮುಖ ಇಲ್ದೇ ಇದ್ರೆ ಇವ್ರು ಕರಿಯರೋ ಬಿಳಿಯರೋ ಅಂತ ಸಲೀಸಾಗಿ ಹೇಳೋಕೂ ಆಗಲ್ಲ, ನನಗೆ ಇದೇ ಜಾಸ್ತಿ ಮುಖ್ಯ ಅನ್ಸತ್ತೆ.

ಲಂಡನ್ನಲ್ಲಿರೋರು ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂಗೆ ಹೋಗಿ, ಹೊರಗಡೆನೇ ಇದೆ ಅವರ ದೊಡ್ಡ ಬಾಟಲಿಯೊಳಗಿನ ಹಡಗು, 2010ರಲ್ಲಿ ಟ್ರಫಾಲ್ಗರ್ ಸ್ಕ್ವೇರಲ್ಲಿ ಇಟ್ಟಿದ್ರಲ್ಲ ಅದೇ. ಬ್ರಿಟಿಷ್ ನೌಕಾಪಡೆಯ ಸೇನಾನಿ ನೆಲ್ಸನ್ನನ ವಿಕ್ಟರಿ ಹಡಗಿನ ಪ್ರತಿರೂಪ, 37 ಹಾಯಿ, ಹಾಯಿಗಳಲ್ಲೆಲ್ಲ ಇದೇ ಬಟ್ಟೆಯ ಡಿಸೈನು. ಫೋಟೋ ಆಮೇಲೆ ತೆಗೀರಿ, ಮೊದ್ಲು ಒಂದು ಸುತ್ತು ಹಾಕ್ಕೊಂಡು ಒಂದೊಂದು ಹಾಯಿನೂ ನೋಡಿ.