ವಿದೇಶದ ಪಾರ್ಸಲ್: ಮನೆ ಮುಟ್ಟುವಷ್ಟರಲ್ಲಿ ಎಷ್ಟಾಗುತ್ತದೆ?

ಆಲಮಟ್ಟಿ ಹಿನ್ನೀರಿಗೆ ರಾಜಹಂಸಗಳು ಬಂದವು ಅಂದರೆ ಬಾಗಲಕೋಟೆಯ ಹಕ್ಕಿಪ್ರಿಯರಿಗೆ ಒಳ್ಳೆಯ ಬೈನಾಕ್ಯುಲರ್ ಬೇಕೆನಿಸುತ್ತದೆ. ಬೇಕಾದ ಮಾಡೆಲ್ ಊರಲ್ಲಿ ಸಿಗದಿದ್ದರೆ ವಿದೇಶಿ ವೆಬ್‌ಸೈಟ್ ಇದ್ದೇ ಇದೆ. ರೂಪಾಯಿ ಲೆಕ್ಕದಲ್ಲಿ 8,000 ಎಂದಿಟ್ಟುಕೊಳ್ಳಿ. ಪಾರ್ಸಲ್ ನವನಗರದ ಮನೆಗೆ ಬಂದಾಗ ಡೆಲಿವರಿ ಹುಡುಗ ಇನ್ನೂ ಮೂರು ಸಾವಿರ ಕೇಳಿದರೆ? ಅವನ ಮೇಲೆ ರೇಗಿ ಉಪಯೋಗವಿಲ್ಲ. ಈ ಲೆಕ್ಕವನ್ನು ಆರ್ಡರ್ ಮಾಡುವ ಮೊದಲೇ ಹಾಕಬೇಕಿತ್ತು.

ಮೊದಲು ಸಾಗಣೆ ಖರ್ಚು ನೋಡಿ. ಕೊರಿಯರ್‌ನವರು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ, ಡಬ್ಬಿಯ ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ದೊಡ್ಡ ಕೊರಿಯರ್ ಕಂಪನಿಗಳ ರೂಢಿ. 50, 40, 30 ಸೆಂ.ಮೀ. ಡಬ್ಬಿಯಾದರೆ 12 ಕಿಲೋ ಆಯಿತು. ಒಳಗಿರುವುದು ಎರಡೇ ಕಿಲೋ ಇದ್ದರೂ 12 ಕಿಲೋದ ರೊಕ್ಕ. ಹಗುರ, ಆದರೆ ಉಬ್ಬಿದ ಸಾಮಾನು ತರಿಸುವವರಿಗೆ ಪೆಟ್ಟು ಬೀಳುವುದು ಇಲ್ಲೇ.

ಇನ್ನು ಸುಂಕ. ಇದು ಸಾಮಾನಿನ ಬೆಲೆಯ ಮೇಲೆ ಮಾತ್ರ ಬೀಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಬೆಲೆ, ಸಾಗಣೆ, ವಿಮೆ ಮೂರೂ ಕೂಡಿದ ಮೊತ್ತದ ಮೇಲೆ ಬೀಳುತ್ತದೆ. ಮೊದಲು ಮೂಲ ಕಸ್ಟಮ್ಸ್ ಸುಂಕ. ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್ಚಾರ್ಜ್. ಇಷ್ಟೆಲ್ಲ ಕೂಡಿಸಿದ ಮೇಲೆ ಐಜಿಎಸ್‌ಟಿ (ಆಮದಿಗೆ ಬೀಳುವ ಜಿಎಸ್‌ಟಿ). ಅಂದರೆ ತೆರಿಗೆಯ ಮೇಲೂ ತೆರಿಗೆ!

ನಮ್ಮ ಬೈನಾಕ್ಯುಲರ್‌ಗೇ ಲೆಕ್ಕ ಹಾಕೋಣ. ಬೆಲೆ 8,000, ವಿಮೆ ಸೇರಿ ಸಾಗಣೆ 2,000, ಒಟ್ಟು 10,000. ಕ್ರಮ ತಿಳಿಯಲು ಸುಂಕ ಶೇ 10, ಐಜಿಎಸ್‌ಟಿ ಶೇ 18 ಎಂದುಕೊಳ್ಳಿ. ಸುಂಕ 1,000, ಸರ್ಚಾರ್ಜ್ 100. ಈಗ 11,100ರ ಮೇಲೆ ಐಜಿಎಸ್‌ಟಿ 1,998. ಕೂಡಿಸಿದರೆ ತೆರಿಗೆಯೇ 3,098. ಅದರಲ್ಲಿ ಸುಮಾರು 620 ರೂಪಾಯಿ ಬರೀ ಸಾಗಣೆ ಖರ್ಚಿನ ಮೇಲೆ ಬಿದ್ದದ್ದು. ದರಗಳು ಬಜೆಟ್ಟಿನಲ್ಲಿ, ಜಿಎಸ್‌ಟಿ ಮಂಡಳಿಯ ಸಭೆಯಲ್ಲಿ ಬದಲಾಗುತ್ತವೆ. ಹಳೆಯ ಯೂಟ್ಯೂಬ್ ವಿಡಿಯೊ ನಂಬಬೇಡಿ, ಆ ದಿನದ ದರ ನೋಡಿಕೊಳ್ಳಿ. ಕ್ರಮ ಮಾತ್ರ ಇದೇ.

ಕಾರ್ಡ್ ಖರ್ಚನ್ನೂ ಸೇರಿಸಿ. ವಿದೇಶಿ ಕರೆನ್ಸಿಯಲ್ಲಿ ಪಾವತಿಸಿದರೆ ಅನೇಕ ಬ್ಯಾಂಕುಗಳು ಶೇ 2ರಿಂದ 3.5ರವರೆಗೆ ಹೆಚ್ಚುವರಿ ಹಿಡಿಯುತ್ತವೆ, ಅದರ ಮೇಲೆ ಜಿಎಸ್‌ಟಿ ಬೇರೆ. ‘ರೂಪಾಯಿಯಲ್ಲೇ ಕೊಡಿ’ ಎಂದು ವೆಬ್‌ಸೈಟ್ ಕರೆದರೆ ಖುಷಿಪಡಬೇಡಿ. ಆ ವಿನಿಮಯ ದರ ಸಾಮಾನ್ಯವಾಗಿ ಇನ್ನೂ ದುಬಾರಿ.

‘ಗಿಫ್ಟ್ ಅಂತ ಬರೆಸಿಬಿಡು, ಸುಂಕ ಬೀಳಲ್ಲ’ ಎನ್ನುವ ಗೆಳೆಯ ಎಲ್ಲರಿಗೂ ಒಬ್ಬನಿರುತ್ತಾನೆ. ಆ ದಾರಿ 2019ರ ಡಿಸೆಂಬರ್‌ನಲ್ಲೇ ಮುಚ್ಚಿದೆ. ಜೀವರಕ್ಷಕ ಔಷಧಿ ಮತ್ತು ರಾಖಿ ಬಿಟ್ಟರೆ, ಅಂಚೆ ಅಥವಾ ಕೊರಿಯರ್‌ನಲ್ಲಿ ಬರುವ ಉಡುಗೊರೆಗೂ ಪೂರ್ತಿ ಸುಂಕ ಕಟ್ಟಬೇಕು. ಬಿಲ್ಲಿನಲ್ಲಿ ಬೆಲೆ ಕಡಿಮೆ ತೋರಿಸಿದರೆ ಅಧಿಕಾರಿಗಳು ಅದೇ ವೆಬ್‌ಸೈಟ್ ತೆರೆದು ನೋಡಬಹುದು, ದಂಡ ಹಾಕಬಹುದು.

ಕೆಲವು ಸಾಮಾನು ಸುಂಕ ಕಟ್ಟಿದರೂ ಬರುವುದಿಲ್ಲ. ಡ್ರೋನ್ ಆಮದು 2022ರ ಫೆಬ್ರುವರಿಯಿಂದ ನಿಷಿದ್ಧ, ರಕ್ಷಣೆ, ಸಂಶೋಧನೆಯಂಥ ಕೆಲಸಕ್ಕಷ್ಟೇ ವಿನಾಯಿತಿ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಹೊಸ ತಳಿಯ ಕಡ್ಡಿ ತರಿಸುವ ಯೋಚನೆಯಲ್ಲಿದ್ದರೆ, ಬೀಜ–ಸಸಿಗೆ ಸಸ್ಯ ಸಂಗರೋಧದ (ಹೊರಗಿನ ರೋಗ–ಕೀಟ ಒಳಬರದಂತೆ ತಡೆಯುವ ವ್ಯವಸ್ಥೆ) ಪರವಾನಗಿ ಬೇಕು. ಬೆಳಗಾವಿ ಉದ್ಯಮಬಾಗದ ವರ್ಕ್‌ಶಾಪಿಗೆ ಬಿಡಿಭಾಗ ತರಿಸುವುದು ಸ್ವಂತ ಬಳಕೆ ಅನ್ನಿಸಿಕೊಳ್ಳುವುದಿಲ್ಲ, ವ್ಯಾಪಾರಕ್ಕೆ ಆಮದು–ರಫ್ತು ಕೋಡ್ ಎಂಬ ಸರ್ಕಾರಿ ನೋಂದಣಿ ಸಂಖ್ಯೆ ಬೇಕು.

ಈಗ ಯಾವುದರಲ್ಲಿ ತರಿಸುವುದು? ಆತುರವಿಲ್ಲದಿದ್ದರೆ ನನ್ನ ಓಟು ಅಂಚೆಗೆ. ಸುಂಕವನ್ನು ಪೋಸ್ಟ್‌ಮನ್ ಬಂದಾಗಲೇ ಕೊಡಬಹುದು, ಅದರ ಮೇಲೆ ಅಂಚೆಯವರು ಹಾಕುವ ಶುಲ್ಕವೂ ಕಡಿಮೆ. ಕೊರಿಯರ್ ಬೇಗ ಬರುತ್ತದೆ. ಆದರೆ ಅವರು ನಿಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ಬೇರೆ ಶುಲ್ಕ ಹಾಕುತ್ತಾರೆ. ಅದು ಎಷ್ಟು ಎಂದು ಅವರ ದರಪಟ್ಟಿಯಲ್ಲೇ ಇರುತ್ತದೆ, ಯಾರೂ ಓದುವುದಿಲ್ಲ ಅಷ್ಟೇ. ‘ಸುಂಕ ಸೇರಿದೆ’ ಎಂದು ಮಾರುವವರೇ ಬರೆದಿದ್ದರೆ ತುಸು ಜಾಸ್ತಿ ಕೊಟ್ಟರೂ ನೆಮ್ಮದಿ.

ಆರ್ಡರ್ ಆದ ಮೇಲೆ ಕೊರಿಯರ್‌ನವರು ಗುರುತಿನ ದಾಖಲೆ ಕೇಳುತ್ತಾರೆ. ತಡ ಮಾಡಿದರೆ ಪಾರ್ಸಲ್ ಗೋದಾಮಿನಲ್ಲೇ ಉಳಿದು ಬಾಡಿಗೆ ಏರಬಹುದು. ಆದರೆ ಮೆಸೇಜಿನ ಲಿಂಕ್ ಒತ್ತಬೇಡಿ. ನೀವೇ ಕಂಪನಿಯ ವೆಬ್‌ಸೈಟಿಗೆ ಹೋಗಿ ಟ್ರ್ಯಾಕಿಂಗ್ ನಂಬರ್ ಹಾಕಿ ನೋಡಿ. ‘ನಿಮ್ಮ ಪಾರ್ಸಲ್‌ನಲ್ಲಿ ಡ್ರಗ್ಸ್ ಇದೆ, ಈ ಖಾತೆಗೆ ಹಣ ಹಾಕಿ’ ಎಂದು ಫೋನ್ ಬಂದರೆ ಮೋಸವೇ ಸರಿ. ಕಸ್ಟಮ್ಸ್‌ನವರು ಯಾರದೋ ಸ್ವಂತ ಖಾತೆಗೆ ಹಣ ಹಾಕಿಸಿಕೊಳ್ಳುವುದಿಲ್ಲ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಡೆಲಿವರಿ ವೇಳೆ ಸುಂಕ ಜಾಸ್ತಿ ಅನ್ನಿಸಿದರೆ ಲೆಕ್ಕದ ಚೀಟಿ ಕೇಳಿ, ನಿಮ್ಮ ಲೆಕ್ಕದ ಜೊತೆ ಇಟ್ಟು ನೋಡಿ. ಪಾರ್ಸಲ್ ಬೇಡ ಎನ್ನುವ ಮೊದಲು ವಾಪಸಾತಿಯ ಷರತ್ತು ಓದಿ. ಹಿಂದೆ ಕಳಿಸುವ ಖರ್ಚನ್ನು ನಿಮ್ಮ ಹಣದಲ್ಲೇ ಮುರಿದುಕೊಳ್ಳುವ ಮಾರಾಟಗಾರರು ಬಹಳ.