ಎರಡಾಗಿ ಕಂಡ ವಸಿಷ್ಠ: ಮೊದಲ ಟೆಲಿಸ್ಕೋಪಿನ ಜೊತೆ ನನ್ನ ಅನುಭವ

ಮೊದಲ ರಾತ್ರಿ ಸುಮಾರು ಒಂದೂವರೆ ಗಂಟೆ ಟೆಲಿಸ್ಕೋಪಿನ ಹಿಂದೆ ಬಗ್ಗಿ ನಿಂತಿದ್ದೆ. ಕಂಡದ್ದು ಬರೀ ಕತ್ತಲೆ. ತಲೆ ಎತ್ತಿದರೆ ಲುಬ್ಧಕ, ಅಂದರೆ ಸಿರಿಯಸ್, ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತಿದೆ. ರಾತ್ರಿಯ ಆಕಾಶದಲ್ಲಿ ಅದಕ್ಕಿಂತ ಪ್ರಕಾಶದ ನಕ್ಷತ್ರ ಇನ್ನೊಂದಿಲ್ಲ. ಕೊಳವೆಯನ್ನು ಅದರ ಕಡೆಗೇ ತಿರುಗಿಸಿದ್ದೇನೆ. ಆದರೆ ಐಪೀಸಿಗೆ, ಅಂದರೆ ಕಣ್ಣಿಡುವ ತುದಿಯ ಪುಟ್ಟ ಲೆನ್ಸಿಗೆ, ಕಣ್ಣಿಟ್ಟರೆ ಏನೂ ಇಲ್ಲ. ಎಡಕ್ಕೆ ತಳ್ಳಿದೆ, ಬಲಕ್ಕೆ ತಳ್ಳಿದೆ, ಫೋಕಸ್ ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದೆ. ಒಂದೆರಡು ಸಲ ಏನೋ ಮಿಂಚಿ ಮರೆಯಾಯಿತು, ಅಷ್ಟೇ. ಲೆನ್ಸಿನಲ್ಲೇ ದೋಷ ಇರಬೇಕು ಅಂದುಕೊಂಡು ಒಳಗೆ ಬಂದೆ.

ಲೆನ್ಸು ಚೆನ್ನಾಗಿಯೇ ಇತ್ತು. ಎರಡು ಕೆಲಸ ನಾನು ಮಾಡಿರಲಿಲ್ಲ. ಗುರಿ ಹುಡುಕಿಕೊಡುವ ಫೈಂಡರನ್ನು ಸರಿ ಹೊಂದಿಸಿರಲಿಲ್ಲ, ಕಡಿಮೆ ವರ್ಧನೆಯ, ಅಂದರೆ ಕಡಿಮೆ ಪಟ್ಟು ದೊಡ್ಡದಾಗಿ ತೋರಿಸುವ, ಐಪೀಸಿನಿಂದ ಶುರು ಮಾಡಿರಲಿಲ್ಲ. ಹೊಸದಾಗಿ ಟೆಲಿಸ್ಕೋಪ್ ತಂದವರು ಎಷ್ಟೋ ಜನ ಇಂಥ ಒಂದೆರಡು ರಾತ್ರಿಯ ನಂತರ ಅದನ್ನು ಮೂಲೆಗೆ ಇಟ್ಟುಬಿಡುತ್ತಾರೆ. ಅದು ನನಗೆ ನಿಜಕ್ಕೂ ಸಂಕಟದ ವಿಷಯ. ಅದಕ್ಕೇ ನಾನು ಹೇಗೆ ದಾರಿಗೆ ಬಂದೆ ಅಂತ ವಿವರವಾಗಿ ಬರೆಯುತ್ತಿದ್ದೇನೆ.

ನನ್ನದು ಲೆನ್ಸಿನ ಟೆಲಿಸ್ಕೋಪ್. ಕೊಳವೆಯ ಮೇಲೆ 70/700 ಅಂತ ಬರೆದಿದೆ. ಮುಂದಿನ ಲೆನ್ಸಿನ ಅಗಲ 70 ಮಿಲಿಮೀಟರ್, ಫೋಕಲ್ ಲೆಂತ್, ಅಂದರೆ ಲೆನ್ಸಿನಿಂದ ಬೆಳಕು ಒಂದೆಡೆ ಸೇರುವ ಜಾಗಕ್ಕಿರುವ ದೂರ, 700 ಮಿಲಿಮೀಟರ್. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿಲಿಮೀಟರ್‌ನಷ್ಟು ಹಿಗ್ಗುತ್ತದೆ. ಅಂದರೆ ಈ ಲೆನ್ಸು ಅದಕ್ಕಿಂತ ಹತ್ತು ಪಟ್ಟು ಅಗಲ, ಹಿಡಿಯುವ ಬೆಳಕು ನೂರು ಪಟ್ಟು. ನನ್ನ ಪ್ರಕಾರ ಟೆಲಿಸ್ಕೋಪಿನ ದೊಡ್ಡ ಗುಣ ಇದೇ. ದೊಡ್ಡದಾಗಿ ತೋರಿಸುವುದು ಆಮೇಲಿನ ಮಾತು.

ಪೆಟ್ಟಿಗೆಯ ಮೇಲೆ ಮಾತ್ರ 525 ಪಟ್ಟು ಅಂತ ದಪ್ಪ ಅಕ್ಷರದಲ್ಲಿ ಇತ್ತು. ಲೆಕ್ಕ ಸುಲಭ: 700ನ್ನು ಐಪೀಸಿನ ಮೇಲಿರುವ ಸಂಖ್ಯೆಯಿಂದ ಭಾಗಿಸಬೇಕು. 25 ಮಿಲಿಮೀಟರ್ ಐಪೀಸಿಗೆ 28 ಪಟ್ಟು, 10ಕ್ಕೆ 70 ಪಟ್ಟು, 4ಕ್ಕೆ 175 ಪಟ್ಟು. ಜೊತೆಗೆ ವರ್ಧನೆಯನ್ನು ಮೂರು ಪಟ್ಟು ಮಾಡುವ ಬಾರ್ಲೋ ಲೆನ್ಸ್ ಸೇರಿಸಿದರೆ 525. ಆದರೆ ಲೆನ್ಸಿನ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ವರ್ಧನೆಯೇ ಮಿತಿ. ನನ್ನದಕ್ಕೆ 140. ಅದನ್ನು ದಾಟಿದರೆ ಹೊಸದೇನೂ ಕಾಣುವುದಿಲ್ಲ, ಮಸುಕಾದದ್ದೇ ಇನ್ನಷ್ಟು ದೊಡ್ಡ ಮಸುಕಾಗುತ್ತದೆ. ಮೊದಲ ರಾತ್ರಿ ನಾನು ಹಾಕಿದ್ದು ಆ 4 ಮಿಲಿಮೀಟರಿನ ಐಪೀಸು. ಜಾಸ್ತಿ ವರ್ಧನೆ ಇದ್ದರೆ ಬೇಗ ಸಿಗುತ್ತದೆ ಅನ್ನಿಸಿತ್ತು. ನಿಜ ಅದರ ತದ್ವಿರುದ್ಧ. ವರ್ಧನೆ ಹೆಚ್ಚಾದಷ್ಟೂ ಕಾಣುವ ಆಕಾಶದ ತುಂಡು ಚಿಕ್ಕದಾಗುತ್ತದೆ. ಆ ಐಪೀಸಿನಲ್ಲಿ ಚಂದ್ರನ ಅರ್ಧ ಭಾಗ ಹಿಡಿಸುವಷ್ಟು ಜಾಗವೂ ಇಲ್ಲ. 25ರ ಐಪೀಸಿನಲ್ಲಿ ಮೂರು ಚಂದ್ರರನ್ನು ಪಕ್ಕಪಕ್ಕ ಇಡಬಹುದು. ಈಗ ನಾನು 25 ಹಾಕದೆ ಯಾವುದನ್ನೂ ಹುಡುಕುವುದಿಲ್ಲ. 4ರ ಐಪೀಸು ಡಬ್ಬಿಯಲ್ಲೇ ಇದೆ.

ಇನ್ನು ಫೈಂಡರ್. ಕೊಳವೆಯ ಬೆನ್ನ ಮೇಲೆ ಕೂರುವ ಪುಟ್ಟ ದುರ್ಬೀನು ಅದು. ನನ್ನದು ಐದು ಪಟ್ಟು ತೋರಿಸುತ್ತದೆ, ನಡುವೆ ಗುರಿ ಹಿಡಿಯಲು ಕೂಡುಗೆರೆ (ಒಂದನ್ನೊಂದು ಕತ್ತರಿಸುವ ಎರಡು ಗೆರೆ) ಇದೆ, ಸುತ್ತ ಮೂರು ಸ್ಕ್ರೂ. ಅದು ಸುಮ್ನೆ ಅಲಂಕಾರಕ್ಕೆ ಅಂತ ಅಂದುಕೊಂಡಿದ್ದೆ. ನಿಜವಾಗಿ ನಕ್ಷತ್ರ ಹುಡುಕುವುದು ಅದೇ. ದೊಡ್ಡ ಕೊಳವೆ ಹುಡುಕುವುದಿಲ್ಲ, ಸಿಕ್ಕಿದ್ದನ್ನು ತೋರಿಸುತ್ತದೆ. ಎರಡೂ ಒಂದೇ ಕಡೆ ನೋಡದಿದ್ದರೆ ರಾತ್ರಿಯಿಡೀ ತಡಕಾಡಿದರೂ ಏನೂ ಸಿಗುವುದಿಲ್ಲ.

ಹೊಂದಿಸುವ ಕೆಲಸವನ್ನು ಹಗಲಲ್ಲೇ ಮಾಡಬೇಕು. ಒಂದು ಸಂಜೆ ಬೆಳಕಿರುವಾಗಲೇ ಟೆಲಿಸ್ಕೋಪನ್ನು ಹೊರಗಿಟ್ಟೆ. ಸೂರ್ಯ ಇರುವ ದಿಕ್ಕಿಗೆ ಪೂರ್ತಿ ಬೆನ್ನು ಮಾಡಿ ನಿಲ್ಲಿಸಿದೆ. ಈ ಮಾತನ್ನು ಒತ್ತಿ ಹೇಳುತ್ತೇನೆ: ಟೆಲಿಸ್ಕೋಪಿನಿಂದಾಗಲೀ ಫೈಂಡರಿನಿಂದಾಗಲೀ ಸೂರ್ಯನನ್ನು ನೋಡಬಾರದು, ಒಂದು ಕ್ಷಣಕ್ಕೂ. ಕಣ್ಣು ಶಾಶ್ವತವಾಗಿ ಹೋಗುತ್ತದೆ. ಮಕ್ಕಳು ಹತ್ತಿರ ಇದ್ದರೆ, ನೀವು ಪಕ್ಕಕ್ಕೆ ಸರಿಯುವಾಗಲೆಲ್ಲ ಎರಡಕ್ಕೂ ಮುಚ್ಚಳ ಹಾಕಿ.

ದೂರದಲ್ಲಿ ಒಂದು ಮೊಬೈಲ್ ಟವರ್ ಕಾಣುತ್ತಿತ್ತು, ಒಂದು ಕಿಲೋಮೀಟರಿಗಿಂತ ಆಚೆ. ಗುರಿ ಇಷ್ಟು ದೂರ ಇರಬೇಕು. ಫೈಂಡರಿಗೂ ಕೊಳವೆಗೂ ನಡುವೆ ಅಂತರ ಇರುತ್ತದಲ್ವಾ, ಹತ್ತಿರದ ಮರವನ್ನು ಹಿಡಿದರೆ ಆ ಅಂತರವೇ ಲೆಕ್ಕ ತಪ್ಪಿಸುತ್ತದೆ. 25ರ ಐಪೀಸಿಗೆ ಕಣ್ಣಿಟ್ಟು ಟವರಿನ ತುದಿಯ ಸರಳನ್ನು ನಡುವಿಗೆ ತಂದೆ, ಕೊಳವೆಯನ್ನು ಬಿಗಿ ಮಾಡಿದೆ. ಆಮೇಲೆ ಫೈಂಡರಿಗೆ ಕಣ್ಣಿಟ್ಟೆ. ಕೂಡುಗೆರೆ ಎಲ್ಲೋ ಪಕ್ಕದ ಮೋಡದ ಮೇಲಿತ್ತು! ಟವರು ಒಂದು ಅಂಚಿನಲ್ಲಿ, ಅದೂ ತಲೆಕೆಳಗಾಗಿ. ಒಂದು ಸ್ಕ್ರೂ ಸಡಿಲ ಮಾಡಿ ಎದುರಿನದನ್ನು ಬಿಗಿದೆ. ಅರ್ಧ ಸುತ್ತು ಜಾಸ್ತಿಯಾಯಿತು, ಹಿಂದಕ್ಕೆ ಬಂದೆ. ಹೀಗೇ ಸಣ್ಣಸಣ್ಣದಾಗಿ ತಿರುಗಿಸುತ್ತಾ ಹೋದಾಗ ಕೂಡುಗೆರೆ ಸರಳಿನ ತುದಿಗೆ ಬಂದು ಕೂತಿತು. ಐಪೀಸಿಗೆ ಹೋಗಿ ನೋಡಿದೆ. ಅಷ್ಟರಲ್ಲಿ ಕೈ ತಾಗಿ ಕೊಳವೆ ಸ್ವಲ್ಪ ಅಲುಗಿತ್ತು. ಮತ್ತೆ ಮೊದಲಿನಿಂದ. ಎರಡನೇ ಸಲ ಸರಿಬಂತು. ಆಮೇಲೆ 10ರ ಐಪೀಸ್ ಹಾಕಿ ಇನ್ನೊಮ್ಮೆ ನಿಖರ ಮಾಡಿದೆ. ಒಟ್ಟು ಇಪ್ಪತ್ತು ನಿಮಿಷದ ಕೆಲಸ.

ಅವತ್ತು ರಾತ್ರಿ ಲುಬ್ಧಕವನ್ನು ಫೈಂಡರಿನ ಕೂಡುಗೆರೆಗೆ ತಂದು ಐಪೀಸಿಗೆ ಕಣ್ಣಿಟ್ಟೆ. ಇತ್ತು! ನಡುಮಧ್ಯದಲ್ಲೇ ಇತ್ತು. ಆದರೆ ನಾಣ್ಯದಷ್ಟು ದೊಡ್ಡ, ಮಂಕಾದ, ನಡುಗುವ ವೃತ್ತ. ಓಹೋ, ನಕ್ಷತ್ರ ಹೀಗಿರುತ್ತದೆ ಅಂತ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದೆ. ಫೋಕಸ್ ಗುಂಡಿ ತಿರುಗಿಸಿದಾಗ ವೃತ್ತ ಕಿರಿದಾಗುತ್ತಾ ಬಂತು, ಪ್ರಕಾಶ ಹೆಚ್ಚುತ್ತಾ ಹೋಯಿತು, ಕೊನೆಗೆ ಸೂಜಿಮೊನೆಯಂಥ ಉರಿಯುವ ಚುಕ್ಕಿಯಾಯಿತು. ಫೋಕಸ್ ಸರಿಯಾಗಿದೆ ಅನ್ನುವುದಕ್ಕೆ ಅದೇ ಗುರುತು. ನಕ್ಷತ್ರ ಎಷ್ಟು ಚಿಕ್ಕದಾಗಿ ಕಾಣುತ್ತದೋ ಅಷ್ಟು ಸರಿ. ಸೂರ್ಯನೊಬ್ಬನನ್ನು ಬಿಟ್ಟರೆ ಉಳಿದ ನಕ್ಷತ್ರಗಳು ಎಷ್ಟು ದೂರ ಇವೆ ಅಂದರೆ, ಇಂಥ ಟೆಲಿಸ್ಕೋಪಿನಲ್ಲಿ ಯಾವ ವರ್ಧನೆಗೂ ಅವು ಬಿಲ್ಲೆಯಾಗಿ ಕಾಣುವುದಿಲ್ಲ. ಹಾಗಾದರೆ ನೋಡುವುದಕ್ಕೆ ಏನಿದೆ ಅಂತ ಕೇಳುತ್ತಾರೆ. ಬಣ್ಣ ಇದೆ, ಜೋಡಿಗಳಿವೆ, ಗುಂಪುಗಳಿವೆ. ಒಂದು ಚುಕ್ಕಿ ಇದ್ದಲ್ಲಿ ಐವತ್ತು ಇವೆ.

ಹೊರಗಿಡುವಾಗ ಈಗ ಪಾಲಿಸುವ ಒಂದೆರಡು ಅಭ್ಯಾಸ ಹೇಳಿಬಿಡುತ್ತೇನೆ. ನೋಡುವುದಕ್ಕೆ ಅರ್ಧ ಗಂಟೆ ಮೊದಲೇ ಕೊಳವೆಯನ್ನು ಹೊರಗೆ ಇಡುತ್ತೇನೆ. ಒಳಗಿನ ಬಿಸಿ ಹೋಗಿ ಹೊರಗಿನ ಗಾಳಿಯ ತಂಪಿಗೆ ಬರದಿದ್ದರೆ ನಕ್ಷತ್ರ ನೀರಿನೊಳಗಿನಿಂದ ನೋಡಿದ ಹಾಗೆ ಕಲಕುತ್ತದೆ. ಕಾಂಕ್ರೀಟ್ ನೆಲ ಹಗಲಿನ ಬಿಸಿಲನ್ನು ರಾತ್ರಿ ಉಗುಳುತ್ತದೆ, ಅದರ ಬದಲು ಮಣ್ಣು ಅಥವಾ ಹುಲ್ಲಿನ ಜಾಗ ಮೇಲು. ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಎಳೆಯದೆ, ಗಿಡ್ಡವಾಗಿಟ್ಟು ಕುರ್ಚಿಯಲ್ಲಿ ಕೂತು ನೋಡುತ್ತೇನೆ. ಅಲುಗಾಟ ಅರ್ಧಕ್ಕರ್ಧ ಕಡಿಮೆಯಾಯಿತು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20–30 ನಿಮಿಷ ಬೇಕು, ಒಂದು ಸಲ ಮೊಬೈಲ್ ಪರದೆ ನೋಡಿದರೆ ಅದೆಲ್ಲ ನೀರುಪಾಲು. ನಕ್ಷೆ ನೋಡಲು ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡಿದ್ದೇನೆ. ಲೆನ್ಸಿನ ಮೇಲೆ ಇಬ್ಬನಿ ಕೂತರೆ ಒರೆಸುವುದಿಲ್ಲ, ತಾನಾಗಿ ಆರಲು ಬಿಡುತ್ತೇನೆ.

ಇನ್ನೊಂದು ಸಂಗತಿ ಮೊದಲು ತುಂಬಾ ಗಲಿಬಿಲಿ ಮಾಡಿತ್ತು. ಹಿಡಿದ ನಕ್ಷತ್ರ ಜಾರಿಹೋಗುತ್ತದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಅಂದರೆ ಎರಡೇ ನಿಮಿಷದಲ್ಲಿ ಚಂದ್ರನ ಅಗಲದಷ್ಟು. 70 ಪಟ್ಟಿನಲ್ಲಿ ನೋಡುವಾಗ ಒಂದು ಅಂಚಿನಿಂದ ಬಂದ ನಕ್ಷತ್ರ ಸುಮಾರು ಮೂರು ನಿಮಿಷದಲ್ಲಿ ಇನ್ನೊಂದು ಅಂಚಿಗೆ ಹೋಗಿಬಿಡುತ್ತದೆ. ಅದರ ಹಿಂದೆ ಓಡುವುದನ್ನು ನಾನು ಬಿಟ್ಟೆ. ಕೊಳವೆಯನ್ನು ಅದು ಹೋಗುವ ದಾರಿಯಲ್ಲಿ ಸ್ವಲ್ಪ ಮುಂದೆ ತಳ್ಳಿ ಕೈ ತೆಗೆಯುತ್ತೇನೆ. ಅಲುಗಾಟ ನಿಲ್ಲುವ ಹೊತ್ತಿಗೆ ನಕ್ಷತ್ರವೇ ತೇಲುತ್ತಾ ನಡುವಿಗೆ ಬರುತ್ತದೆ.

ದಾರಿ ಹುಡುಕುವುದನ್ನು ಮಹಾವ್ಯಾಧನಿಂದ ಕಲಿತೆ. ಒರಾಯನ್ ಅನ್ನುತ್ತಾರಲ್ಲ, ಅದೇ. ನಡುಪಟ್ಟಿಯ ಮೂರು ನಕ್ಷತ್ರಗಳು ಸಾಲಾಗಿ ಇರುವುದರಿಂದ ಯಾರೂ ತಪ್ಪುವುದಿಲ್ಲ. ಆ ಸಾಲನ್ನು ಒಂದು ಕಡೆಗೆ ಎಳೆದರೆ ಲುಬ್ಧಕ. ಇನ್ನೊಂದು ಕಡೆಗೆ ಎಳೆದರೆ ಕೆಂಪಗಿನ ರೋಹಿಣಿ, ಅದನ್ನೂ ದಾಟಿ ಹೋದರೆ ಕೃತ್ತಿಕೆ. ಬರಿಗಣ್ಣಿಗೆ ನನಗೆ ಕೃತ್ತಿಕೆಯಲ್ಲಿ ಆರು ಚುಕ್ಕಿ ಎಣಿಸಲು ಸಿಗುತ್ತವೆ. 28 ಪಟ್ಟಿನಲ್ಲಿ ನೋಡಿದ ರಾತ್ರಿ ನಲವತ್ತು ದಾಟಿದ ಮೇಲೆ ಎಣಿಸುವುದನ್ನೇ ಬಿಟ್ಟೆ. ನೀಲಿ ಛಾಯೆಯ ಬಿಳಿ ಚುಕ್ಕಿಗಳು ಕಪ್ಪು ಬಟ್ಟೆಯ ಮೇಲೆ ಚೆಲ್ಲಿದ ಹಾಗೆ. ಗೆಲಿಲಿಯೊ 1610ರಲ್ಲಿ ಪ್ರಕಟಿಸಿದ ಚಿತ್ರದಲ್ಲಿ ಇದೇ ಗುಂಪಿನ 36 ನಕ್ಷತ್ರಗಳನ್ನು ಗುರುತಿಸಿದ್ದ, ಅದೂ ನನ್ನದಕ್ಕಿಂತ ಚಿಕ್ಕ ಲೆನ್ಸಿನಿಂದ. ಅವತ್ತು ಇನ್ನೂ ಚೆನ್ನಾಗಿ ಕಾಣಲಿ ಅಂತ 10ರ ಐಪೀಸ್ ಹಾಕಿದೆ. ಗುಂಪೇ ಮಾಯ! ಮುಖ್ಯ ನಕ್ಷತ್ರಗಳೇ ಎರಡು ಚಂದ್ರರಷ್ಟು ಅಗಲ ಹರಡಿಕೊಂಡಿವೆ, 70 ಪಟ್ಟಿನ ಕಿಂಡಿಯಲ್ಲಿ ಅವು ಒಟ್ಟಿಗೆ ಹಿಡಿಸುವುದಿಲ್ಲ. ತಕ್ಷಣ 25ಕ್ಕೆ ಮರಳಿದೆ.

ಇಷ್ಟೆಲ್ಲ ಆದ ಮೇಲೆ ಸಪ್ತರ್ಷಿ ಮಂಡಲಕ್ಕೆ ಬಂದೆ. ಬಾಲದ ನಡುವಿನ ನಕ್ಷತ್ರ ವಸಿಷ್ಠ, ಇಂಗ್ಲಿಷಿನವರ ಮಿಜಾರ್. ಅದಕ್ಕೆ ಅಂಟಿಕೊಂಡ ಹಾಗಿರುವ ಮಸುಕು ಚುಕ್ಕಿ ಅರುಂಧತಿ. ಕಣ್ಣು ಚೆನ್ನಾಗಿದ್ದರೆ ಎರಡೂ ಬರಿಗಣ್ಣಿಗೇ ಬಿಡಿಬಿಡಿಯಾಗಿ ಕಾಣುತ್ತವೆ. 25ರ ಐಪೀಸಿನಲ್ಲಿ ಇಬ್ಬರೂ ದೂರದೂರ ನಿಂತಿದ್ದರು, ನಡುವೆ ಸ್ವಲ್ಪ ಓರೆಯಾಗಿ ಇನ್ನೊಂದು ಮಂದ ನಕ್ಷತ್ರ. ಮೂರೂ ಸೇರಿ ಚಪ್ಪಟೆ ತ್ರಿಕೋನ. ಆದರೆ ವಸಿಷ್ಠನಲ್ಲಿ ಏನೋ ವ್ಯತ್ಯಾಸ ಕಂಡಿತು. ಉಳಿದವುಗಳ ಹಾಗೆ ದುಂಡಗಿಲ್ಲ, ಒಂದು ಕಡೆ ಸಣ್ಣ ಉಬ್ಬು. ಫೋಕಸ್ ತಪ್ಪಿರಬೇಕು ಅಂತ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದೆ. ಉಬ್ಬು ಹೋಗಲಿಲ್ಲ. ನಕ್ಷತ್ರವನ್ನು ಸರಿಯಾಗಿ ನಡುವಿಗೆ ತಂದು, ಉಸಿರು ಬಿಗಿಹಿಡಿದು, ಕೊಳವೆ ಅಲುಗದ ಹಾಗೆ 25 ತೆಗೆದು 10 ಹಾಕಿದೆ. ಮತ್ತೆ ಫೋಕಸ್. ಎರಡು! ಒಂದು ಪ್ರಖರ, ಪಕ್ಕದಲ್ಲೇ ಇನ್ನೊಂದು ಸ್ವಲ್ಪ ಮಂದ. ನಡುವೆ ಸಣ್ಣ ಕಪ್ಪು ಸೀಳು. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ, ಅದು ಅಂಚಿಗೆ ಹೋಗುವುದು, ನಾನು ಮತ್ತೆ ತರುವುದು, ಹೀಗೇ ನಡೆಯಿತು.

ಆಮೇಲೆ ಓದಿ ತಿಳಿದದ್ದು: ಆ ಎರಡರ ನಡುವೆ ಇರುವುದು ಬರೀ 14 ಆರ್ಕ್‌ಸೆಕೆಂಡಿನಷ್ಟು ಅಂತರ (ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್), ಚಂದ್ರನ ಅಗಲದ ನೂರ ಮೂವತ್ತರಲ್ಲಿ ಒಂದು ಪಾಲು. ಗೆಲಿಲಿಯೊನ ಶಿಷ್ಯ ಕ್ಯಾಸ್ಟೆಲ್ಲಿ 1617ರಲ್ಲೇ ಈ ನಕ್ಷತ್ರವನ್ನು ನೋಡಿ ಎಂದು ಗುರುವಿಗೆ ಪತ್ರ ಬರೆದಿದ್ದ. 1889ರಲ್ಲಿ ಆ ಪ್ರಖರವಾದದ್ದೂ ಒಂದಲ್ಲ, ಎರಡು ಅಂತ ಅದರ ಬೆಳಕಿನ ರೋಹಿತದಿಂದ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿಯಿಂದ, ಗೊತ್ತಾಯಿತು. ಆ ಜೋಡಿಯನ್ನು ನನ್ನ ಟೆಲಿಸ್ಕೋಪ್ ಬಿಡಿಸಲಾರದು. ಆದರೂ ಈಗ ಆ ಚುಕ್ಕಿಯನ್ನು ನೋಡುವಾಗ ಒಳಗೊಂದು ಜೋಡಿ ಸುತ್ತುತ್ತಿದೆ ಅನ್ನುವುದು ಮನಸ್ಸಿನಲ್ಲೇ ಇರುತ್ತದೆ.

ಬಣ್ಣ ನೋಡಬೇಕು ಅನ್ನುವವರಿಗೆ ರಾಜಹಂಸ ಮಂಡಲದ ಕೊಕ್ಕಿನ ತುದಿಯ ಆಲ್ಬಿರಿಯೊಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. 28 ಪಟ್ಟಿನಲ್ಲೇ ಬಿಡಿಸಿಕೊಳ್ಳುತ್ತದೆ. ಒಂದು ಜೇನಿನ ಬಣ್ಣ, ಇನ್ನೊಂದು ನೀಲಿ. ಫೋಕಸನ್ನು ಬೇಕೆಂದೇ ಸ್ವಲ್ಪ ತಪ್ಪಿಸಿದರೆ ಬಣ್ಣ ಇನ್ನೂ ಚೆನ್ನಾಗಿ ಕಾಣುತ್ತದೆ.

ನಕ್ಷೆ ಬಳಸುವವರಿಗೆ ಒಂದು ಮಾತು. ಕತ್ತು ನೋಯದಿರಲಿ ಅಂತ ಕೊಳವೆಯ ಹಿಂದೆ ಹಾಕುವ ಡಯಾಗನಲ್ ಕನ್ನಡಿ ಎಡಬಲವನ್ನು ಅದಲುಬದಲು ಮಾಡುತ್ತದೆ. ಫೈಂಡರಿನಲ್ಲಿ ಎಲ್ಲವೂ ತಲೆಕೆಳಗು. ನಾನು ಫೈಂಡರ್ ನೋಡುವಾಗ ಕಾಗದವನ್ನು ಬುಡಮೇಲು ಹಿಡಿಯುತ್ತೇನೆ, ಐಪೀಸ್ ನೋಡುವಾಗ ಹಾಳೆಯನ್ನು ಮಗುಚಿ ಹಿಂದಿನಿಂದ ಕೆಂಪು ಟಾರ್ಚ್ ಬಿಡುತ್ತೇನೆ. ಆಕಾಶವೂ ಕಾಗದವೂ ಹೊಂದಿಕೊಳ್ಳುತ್ತವೆ. ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶದಿಂದ ಹಗಲೇ ನಕ್ಷೆ ಬರೆದಿಟ್ಟುಕೊಳ್ಳುತ್ತೇನೆ, ರಾತ್ರಿ ಪರದೆ ಬೇಡ ಅಂತ.

ನನ್ನನ್ನು ಅತಿ ಹೆಚ್ಚು ಕಾಯಿಸಿದ್ದು ಧ್ರುವ ನಕ್ಷತ್ರ. ಅದಕ್ಕೂ ಒಂದು ಜೊತೆಗಾರ ಇದ್ದಾನೆ, 18 ಆರ್ಕ್‌ಸೆಕೆಂಡ್ ದೂರದಲ್ಲಿ. ವಸಿಷ್ಠನ ಜೋಡಿಗಿಂತ ಜಾಗ ಜಾಸ್ತಿ, ಹಾಗಾಗಿ ಸುಲಭ ಅಂದುಕೊಂಡಿದ್ದೆ. ಆದರೆ ಅದು ಧ್ರುವಕ್ಕಿಂತ ನೂರಾರು ಪಟ್ಟು ಮಂದ. ಮೂರು ರಾತ್ರಿ ಪ್ರಖರ ಬೆಳಕಿನಲ್ಲಿ ಅದು ಮುಳುಗಿಹೋಯಿತು. ನಾಲ್ಕನೇ ರಾತ್ರಿ ಗಾಳಿ ನಿಶ್ಚಲವಾಗಿತ್ತು, ಚಂದ್ರ ಇರಲಿಲ್ಲ. 70 ಪಟ್ಟು. ಧ್ರುವ ಹೆಚ್ಚುಕಡಿಮೆ ಇದ್ದಲ್ಲೇ ಇರುವುದರಿಂದ ಕೊಳವೆಯನ್ನು ಮುಟ್ಟುವ ಅಗತ್ಯವೇ ಇಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಕೂತೆ. ನೇರವಾಗಿ ನೋಡದೆ ದೃಷ್ಟಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದೆ. ಮಂದ ಬೆಳಕನ್ನು ಹಿಡಿಯುವುದು ಕಣ್ಣಿನ ಅಂಚೇ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಕ್ಷಣ, ಹಳದಿ ಧ್ರುವದ ಪಕ್ಕದಲ್ಲಿ ಧೂಳಿನ ಕಣದಂಥ ಒಂದು ಬೆಳಕು. ಹೋಯಿತು. ಮತ್ತೆ ಬಂತು, ಅದೇ ಜಾಗದಲ್ಲಿ. ಕೆಂಪು ಟಾರ್ಚ್ ಹಾಕಿ ನೋಟ್‌ಬುಕ್ಕಿನಲ್ಲಿ ಒಂದು ದೊಡ್ಡ ಚುಕ್ಕಿ, ಪಕ್ಕದಲ್ಲಿ ಒಂದು ಸಣ್ಣ ಚುಕ್ಕಿ ಇಟ್ಟೆ, ಸಮಯ ಬರೆದೆ, ಮತ್ತೆ ಕಣ್ಣಿಟ್ಟೆ.